ಆಪರೇಷನ್ ಆಯ್ತು, ಮುಂದೇನಾಯ್ತು?

ಧಾರವಾಡದಲ್ಲಿ ವೈದ್ಯಕೀಯ ವಿದ್ಯಾರ್ಥಿಗಳು, ಆಶಾ ಕಾರ್ಯಕರ್ತೆಯರು ಮತ್ತು ಸಾರ್ವಜನಿಕರ ಮುಂದೆ, ಪಿಟ್ಯುಟರಿ ಗ್ರಂಥಿಯ ಕಾಯಿಲೆಗಳ ಬಗ್ಗೆ ವೈದ್ಯನಾಗಿ ಆಡಿದ ಮಾತುಗಳು. ಟಿಪ್ಪಣಿ ಮತ್ತು ಧ್ವನಿಮುದ್ರಣ ಇಟ್ಟುಕೊಂಡು ತಿದ್ದಿ ಬರೆದದ್ದು.

ಒಬ್ಬ ಹೆಣ್ಣುಮಗಳಿಂದ ಶುರು ಮಾಡುತ್ತೇನೆ. ರೋಣ ತಾಲ್ಲೂಕಿನ ಕಡೆಯವಳು. ಒಂದು ಮಳೆಗಾಲದಲ್ಲಿ, ಎರಡು ದಿನ ವಾಂತಿ-ಭೇದಿಯಾಗಿ ಎಚ್ಚರ ತಪ್ಪಿದವಳನ್ನು ಹೊತ್ತುಕೊಂಡು ಬಂದರು. ಬಿ.ಪಿ. ಕೈಗೆ ಸಿಗುತ್ತಿರಲಿಲ್ಲ. ರಕ್ತದಲ್ಲಿ ಸೋಡಿಯಂ ತಳ ಕಂಡಿತ್ತು, ಸಕ್ಕರೆಯೂ ಇಳಿದಿತ್ತು. ಮನೆಮಂದಿಗೆಲ್ಲ ಅದೇ ವಾಂತಿ-ಭೇದಿ ಆಗಿತ್ತು. ಉಳಿದವರು ಎದ್ದು ಹೊಲಕ್ಕೆ ಹೋಗಿದ್ದರು, ಇವಳೊಬ್ಬಳು ಬಿದ್ದಿದ್ದಳು.

ಜೊತೆಗೆ ಬಂದಿದ್ದ ಅತ್ತೆಯನ್ನು ಕೇಳಿದೆ: "ಯವ್ವಾ, ಮೊದಲಿಂದ ಹೆಂಗಿದ್ಲು ಈಕಿ?" "ಆರಾಮ ಇದ್ಲರೀ" ಅಂದಳು. ರಾತ್ರಿ ಸಲೈನ್ ಏರಿ ಬಿ.ಪಿ. ಸ್ವಲ್ಪ ಹತ್ತಿದ ಮೇಲೆ ಅದೇ ಅತ್ತೆಯ ಪಕ್ಕ ಕೂತು ಮತ್ತೆ ಮಾತಿಗೆಳೆದೆ. 11 ವರ್ಷದ ಹಿಂದೆ ಹೆರಿಗೆ. ವಿಪರೀತ ರಕ್ತ ಹೋಗಿ, ಬಾಟಲಿ ಮೇಲೆ ಬಾಟಲಿ ರಕ್ತ ಏರಿಸಿದ್ದರಂತೆ. ಕೂಸು ಉಳಿಯಿತು, ತಾಯಿಯೂ ಉಳಿದಳು. "ಆದ್ರ ಎದಿಹಾಲ ಒಂದ್ ಹನಿ ಬರ್ಲಿಲ್ರಿ. ಆಕಳ ಹಾಲ ಹಾಕಿ ಬೆಳಿಸೇವಿ. ಮುಟ್ಟೂ ಮತ್ತ ಆಗ್ಲಿಲ್ಲ. ಬ್ಯಾಸಗ್ಯಾಗೂ ಕೌದಿ ಹೊಚಗೊಂಡು ಮಲಗ್ತಾಳ್ರಿ. ಆಳಸಿ ಅದಾಳಂತ ನಾವ ಬೈತಿದ್ವಿ." ಅಷ್ಟು ಹೇಳಿ ಆ ಅತ್ತೆ ಸೆರಗು ಬಾಯಿಗಿಟ್ಟುಕೊಂಡು ಅತ್ತಳು.

ಆ ಸೊಸೆ ಆಳಸಿ ಆಗಿರಲಿಲ್ಲ. ಹೆರಿಗೆಯ ದಿನ ಅವಳ ಪಿಟ್ಯುಟರಿ ಗ್ರಂಥಿ ಸತ್ತುಹೋಗಿತ್ತು. ಶೀಹನ್ ಸಿಂಡ್ರೋಮ್ ಅನ್ನುತ್ತೇವೆ. ಇಂಗ್ಲೆಂಡಿನ ಹೆರಾಲ್ಡ್ ಶೀಹನ್ 1937ರಲ್ಲಿ ಇದನ್ನು ವಿವರಿಸಿದರು. ಈಗ ಆ ಹೆರಿಗೆಯ ಆಸ್ಪತ್ರೆಯ ಕಾಗದ ನೆನೆಸಿಕೊಳ್ಳಿ. ಅದರಲ್ಲಿ ಬರೆದದ್ದು: ತಾಯಿ-ಮಗು ಇಬ್ಬರೂ ಕ್ಷೇಮ, ಡಿಸ್ಚಾರ್ಜ್. ಆವತ್ತಿನ ಮಟ್ಟಿಗೆ ಅದು ಸುಳ್ಳೂ ಅಲ್ಲ. ನಮ್ಮ ಕಡೆ ಯಾರಾದರೂ ಕಥೆ ಹೇಳುತ್ತ ನಡುವೆ ನಿಲ್ಲಿಸಿದರೆ ಕೂತವರು ಬಿಡುವುದಿಲ್ಲ, "ಮುಂದ ಏನಾತು?" ಅಂತಾರೆ. ಆ ಕಾಗದಕ್ಕೆ 11 ವರ್ಷ ಯಾರೂ ಹಾಗೆ ಕೇಳಲಿಲ್ಲ. ನಾನು ಇವತ್ತು ಮಾತಾಡಬೇಕೆಂದುಕೊಂಡದ್ದು ಆ ಪ್ರಶ್ನೆಯ ಬಗ್ಗೆ. ಪಿಟ್ಯುಟರಿ ಕಾಯಿಲೆಗಳಲ್ಲಿ ಚಿಕಿತ್ಸೆಯ ನಂತರ ರೋಗಿಗೆ ಏನಾಯಿತು ಅನ್ನುವುದನ್ನು ಹುಡುಕುವುದು, ಬರೆದಿಡುವುದು, ಎಣಿಸುವುದು. ಅದೊಂದು ಅಧ್ಯಯನ ಶಾಸ್ತ್ರವೇ.

ಗ್ರಂಥಿಯ ಬಗ್ಗೆ ಎರಡು ಮಾತು ಸಾಕು. ಮೂಗಿನ ಹಿಂದೆ, ಮೆದುಳಿನ ತಳದಲ್ಲಿ, ಕುದುರೆಯ ಜೀನಿನಂತೆ ತಗ್ಗಾದ ಎಲುಬಿನಲ್ಲಿ ಕೂತಿದೆ. ಗಾತ್ರ ಒಂದು ಬಟಾಣಿ ಕಾಳಿನಷ್ಟು, ತೂಕ ಸುಮಾರು ಅರ್ಧ ಗ್ರಾಂ. ಥೈರಾಯ್ಡ್, ಅಡ್ರಿನಲ್, ಅಂಡಾಶಯ, ವೃಷಣ ಇವೆಲ್ಲ ಅದರ ಮಾತಿನಂತೆ ನಡೆಯುತ್ತವೆ. ಬೆಳವಣಿಗೆಯ ಹಾರ್ಮೋನು, ಎದೆಹಾಲಿನ ಹಾರ್ಮೋನು, ನೀರು ಮೂತ್ರದಲ್ಲಿ ಹರಿದುಹೋಗದಂತೆ ಮೈಯಲ್ಲಿ ಹಿಡಿದಿಡುವ ಹಾರ್ಮೋನು ಅಲ್ಲಿಂದಲೇ ಬರುತ್ತವೆ. ಬಸುರಿಯಲ್ಲಿ ಈ ಗ್ರಂಥಿ ದೊಡ್ಡದಾಗುತ್ತದೆ, ಅದಕ್ಕೆ ಹೋಗುವ ರಕ್ತದ ಒತ್ತಡವೋ ಮೊದಲೇ ಕಡಿಮೆ. ಹಾಗಾಗಿ ಹೆರಿಗೆಯಲ್ಲಿ ರಕ್ತ ಹರಿದು ಬಿ.ಪಿ. ಕುಸಿದಾಗ ಮೊದಲು ಒಣಗುವ ಜಾಗಗಳಲ್ಲಿ ಇದೂ ಒಂದು.

ಈ ಗ್ರಂಥಿಯ ಶಸ್ತ್ರಚಿಕಿತ್ಸೆಯ ಇತಿಹಾಸಕ್ಕೂ "ಮುಂದೇನಾಯ್ತು" ಎಂಬ ಪ್ರಶ್ನೆಯ ಇತಿಹಾಸಕ್ಕೂ ಒಂದು ಸ್ನೇಹದ ನಂಟಿದೆ. ವಿದ್ಯಾರ್ಥಿಗಳು ಇದನ್ನು ಕೇಳಲೇಬೇಕು. ಅಮೆರಿಕದ ಹಾರ್ವರ್ಡ್‌ನಲ್ಲಿ ಇಬ್ಬರು ಸಹಪಾಠಿಗಳಿದ್ದರು, ಹಾರ್ವಿ ಕುಶಿಂಗ್ ಮತ್ತು ಅರ್ನೆಸ್ಟ್ ಕಾಡ್‌ಮನ್. ಇಬ್ಬರೂ 1869ರಲ್ಲಿ ಹುಟ್ಟಿದವರು. ಆಗ ಈಥರ್ ಕೊಟ್ಟು ಮಂಪರು ಬರಿಸುವ ಕೆಲಸ ವಿದ್ಯಾರ್ಥಿಗಳ ಪಾಲಿಗೆ ಬರುತ್ತಿತ್ತು. ಕುಶಿಂಗ್ ಕೈಯಲ್ಲಿ ಈಥರ್ ತೆಗೆದುಕೊಂಡ ರೋಗಿಯೊಬ್ಬ ತೀರಿಕೊಂಡ. ಆ ನೋವು ಅವರನ್ನು ಬಿಡಲಿಲ್ಲ. ಗೆಳೆಯರಿಬ್ಬರೂ ಸೇರಿ ನಾಡಿ, ಉಸಿರಾಟಗಳನ್ನು ಸ್ವಲ್ಪ ಸ್ವಲ್ಪ ಹೊತ್ತಿಗೂ ಗೆರೆ ಎಳೆದು ಗುರುತಿಸುವ ಈಥರ್ ಚಾರ್ಟ್ ಮಾಡಿದರು. ಇವತ್ತು ಹುಬ್ಬಳ್ಳಿಯ ಯಾವುದೇ ಆಪರೇಷನ್ ಥಿಯೇಟರಿನಲ್ಲಿ ಅರಿವಳಿಕೆ ತಜ್ಞರು ತುಂಬುವ ಹಾಳೆಯ ಮೂಲ ಅಲ್ಲಿದೆ.

ಕುಶಿಂಗ್ ಮುಂದೆ ಪಿಟ್ಯುಟರಿಯ ದೊಡ್ಡ ಸರ್ಜನ್ ಆದರು. 1910ರಿಂದ 1925ರ ನಡುವೆ ಮೂಗಿನ ಹಾದಿಯಿಂದ 231 ಪಿಟ್ಯುಟರಿ ಗಡ್ಡೆಗಳ ಆಪರೇಷನ್ ಮಾಡಿದರು, ಸಾವಿನ ಪ್ರಮಾಣ ಶೇ. 5.6. ಪೆನಿಸಿಲಿನ್ ಇಲ್ಲ, ಸ್ಟೀರಾಯ್ಡ್ ಇಲ್ಲ, ಸ್ಕ್ಯಾನ್ ಇಲ್ಲದ ಕಾಲದಲ್ಲಿ! ಈ ಅಂಕಿ ನಮಗೆ ಇವತ್ತು ಹೇಗೆ ಗೊತ್ತು? ಬರೆದಿಟ್ಟರು, ಅದಕ್ಕೆ. ರೋಗಿಗಳ ಫೋಟೋ, ಗಡ್ಡೆಯ ತುಣುಕು, ಪತ್ರ, ಟಿಪ್ಪಣಿ ಎಲ್ಲ ಇಟ್ಟರು. ಅವರ ಜೊತೆ ಲೂಯಿಸ್ ಐಸನ್‌ಹಾರ್ಟ್ ಎಂಬ ಮಹಿಳೆ ಮೊದಲು ಸಹಾಯಕಿಯಾಗಿ ಸೇರಿ, ಆಮೇಲೆ ಡಾಕ್ಟರಿಕೆ ಓದಿ, ಮೆದುಳಿನ ಗಡ್ಡೆಯ ತುಣುಕುಗಳನ್ನು ಪರೀಕ್ಷಿಸುವ ನ್ಯೂರೋಪೆಥಾಲಜಿಸ್ಟ್ ಆದರು. ಆಪರೇಷನ್ ಆದವರ ಫಲಿತಾಂಶವನ್ನು ಪುಟ್ಟ ಪುಸ್ತಕವೊಂದರಲ್ಲಿ ಬರೆಯುತ್ತ ಬಂದವರು ಅವರು. ಆ ಸಂಗ್ರಹ ಈಗ ಯೇಲ್ ವಿಶ್ವವಿದ್ಯಾಲಯದಲ್ಲಿದೆ.

ಕಾಡ್‌ಮನ್ ಇನ್ನೂ ಕಠಿಣ ಮನುಷ್ಯ. ಪ್ರತಿ ರೋಗಿಗೂ ಒಂದು ಕಾರ್ಡ್ ಇರಬೇಕು, ವರ್ಷ ಕಳೆದ ಮೇಲೆ ಅವನನ್ನು ಕಂಡು ಫಲಿತಾಂಶ ಬರೆಯಬೇಕು, ಗುಣವಾಗಿರದಿದ್ದರೆ ಯಾಕೆ ಎಂದು ಬರೆಯಬೇಕು ಅಂತ ಹಟ ಹಿಡಿದರು. ಬಾಸ್ಟನ್ನಿನ ದೊಡ್ಡ ಸರ್ಜನ್ನರಿಗೆ ಅದು ಹಿಡಿಸಲಿಲ್ಲ. ತಮ್ಮದೇ ಸಣ್ಣ ಆಸ್ಪತ್ರೆ ತೆರೆದು, 1911ರಿಂದ 1916ರವರೆಗೆ ಮನೆಗೆ ಹೋದ 337 ರೋಗಿಗಳ ಲೆಕ್ಕ ಅಚ್ಚು ಹಾಕಿಸಿದರು. ಅದರಲ್ಲಿ 123 ತಪ್ಪುಗಳನ್ನು ತಾವೇ ಒಪ್ಪಿಕೊಂಡು ಬರೆದರು. ವೈದ್ಯನೊಬ್ಬ ತನ್ನ ತಪ್ಪನ್ನು ಎಣಿಸಿ ಊರಿಗೆ ಹಂಚಿದ ಇಂಥ ಉದಾಹರಣೆ ನನಗೆ ಇನ್ನೊಂದು ಗೊತ್ತಿಲ್ಲ. 1940ರಲ್ಲಿ ಅವರು ತೀರಿಕೊಂಡಾಗ ಸಮಾಧಿಗೆ ಹೆಸರಿನ ಕಲ್ಲೂ ಇರಲಿಲ್ಲ. ಕಲ್ಲು ನಿಂತದ್ದು 2014ರಲ್ಲಿ.

ಸರಿ, ಫಲಿತಾಂಶ ಅಂದರೆ ಏನು? ಇಲ್ಲಿ ನನ್ನ ಇನ್ನೊಬ್ಬ ರೋಗಿಯನ್ನು ಕರೆಯುತ್ತೇನೆ. ಲಕ್ಷ್ಮೇಶ್ವರದ ಕಡೆಯ ಹಿರಿಯಕ್ಕ. ಅವಳ ಕಾಯಿಲೆಯನ್ನು ಮೊದಲು ಗುರುತಿಸಿದ್ದು ಡಾಕ್ಟರಲ್ಲ, ಬಳೆಗಾರ. ಮದುವೆಯಲ್ಲಿ 2.4 ಅಳತೆ ಬಳೆ ತೊಟ್ಟವಳಿಗೆ 2.6 ಬೇಕಾಯಿತು, ಆಮೇಲೆ 2.8ಕ್ಕೂ ಕೈ ಹಿಡಿಯತೊಡಗಿತು. "ಅಕ್ಕಾರ, ಮಂದಿಗೆ ವಯಸ್ಸಾದ್ರ ಕೈ ಸೊರಗ್ತಾವ, ನಿಮ್ವು ಬೆಳ್ಯಾಕ ಹತ್ಯಾವ" ಅಂದನಂತೆ. ಅದು ಅಕ್ರೋಮೆಗಲಿ. ಬೆಳವಣಿಗೆಯ ಹಾರ್ಮೋನು ಹೆಚ್ಚಾಗಿ ಕೈಕಾಲು, ದವಡೆ, ಮೂಗು, ನಾಲಗೆ ದಪ್ಪವಾಗುವ ಕಾಯಿಲೆ. ಫ್ರಾನ್ಸಿನ ಪಿಯರ್ ಮಾರಿ 1886ರಲ್ಲಿ ಈ ಹೆಸರು ಕೊಟ್ಟರು. ಎಷ್ಟು ನಿಧಾನವಾಗಿ ಬದಲಾಗುತ್ತದೆಂದರೆ ದಿನಾ ಮುಖ ನೋಡುವ ಮನೆಯವರಿಗೂ ತಿಳಿಯುವುದಿಲ್ಲ, ಹತ್ತಿಪ್ಪತ್ತು ವರ್ಷದ ಹಿಂದಿನ ಮದುವೆಯ ಫೋಟೋ ತಂದು ಪಕ್ಕಕ್ಕಿಟ್ಟಾಗ ಗೊತ್ತಾಗುತ್ತದೆ.

ಆಪರೇಷನ್ ಆಯಿತು, ಗಡ್ಡೆ ಹೋಯಿತು, ರಕ್ತದ ವರದಿ ಸರಿಬಂತು. ನಾನು ಫೈಲಿನಲ್ಲಿ "ಗುಣವಾಗಿದೆ" ಅಂತ ಬರೆದೆ. ಎರಡು ವರ್ಷದ ಮೇಲೆ ಬಂದವಳು ನನ್ನ ಮುಂದೆ ಕೂರಲಾರದೆ ನಿಂತೇ ಇದ್ದಳು. ಮೊಣಕಾಲು, ಸೊಂಟ ಹಿಡಿದಿದ್ದವು. ಹಾರ್ಮೋನು ಇಳಿದರೆ ಊದಿದ ಮೆತ್ತನೆಯ ಭಾಗ ಇಳಿಯುತ್ತದೆ, ಕೀಲಿಗೆ ಆದ ಹಾನಿ, ಬೆಳೆದ ಎಲುಬು ಹಿಂದೆ ಹೋಗುವುದಿಲ್ಲ. ನನ್ನ ಪ್ರಕಾರ ಗುಣವಾಗಿದ್ದವಳು ಅವಳ ಪ್ರಕಾರ ಗುಣವಾಗಿರಲಿಲ್ಲ. ಇಬ್ಬರದೂ ನಿಜ.

ವರದಿಯ ಅಂಕಿಯಾದರೂ ಗಟ್ಟಿಯೇ? ಗ್ಲೂಕೋಸ್ ಕುಡಿಸಿದ ಮೇಲೆ ಬೆಳವಣಿಗೆಯ ಹಾರ್ಮೋನು ಲೀಟರಿಗೆ 1 ಮೈಕ್ರೋಗ್ರಾಂಗಿಂತ ಕೆಳಗಿಳಿಯಬೇಕು ಎಂಬುದು 2000ನೇ ಇಸವಿಯಲ್ಲಿ ಪ್ರಕಟವಾದ ತಜ್ಞರ ಒಮ್ಮತ. 2010ರ ಹೊತ್ತಿಗೆ ಪರೀಕ್ಷೆಗಳು ಸೂಕ್ಷ್ಮವಾದವು, ಅದನ್ನು 0.4ಕ್ಕೆ ಇಳಿಸಿದರು. ಅಂದರೆ 0.7 ಬಂದ ಒಬ್ಬನೇ ರೋಗಿ ಹಳೆಯ ಅಳತೆಯಲ್ಲಿ ಗುಣ, ಹೊಸದರಲ್ಲಿ ಇಲ್ಲ. ಆದ್ದರಿಂದ ಯಾರಾದರೂ "ನಮ್ಮಲ್ಲಿ ನೂರಕ್ಕೆ ಇಷ್ಟು ಮಂದಿ ಗುಣ" ಅಂದರೆ ಯಾವ ವರ್ಷದ ಅಳತೆ, ಆಪರೇಷನ್ ಆಗಿ ಎಷ್ಟು ದಿನಕ್ಕೆ ನೋಡಿದ್ದು ಅಂತ ಕೇಳಿ. ಪಿಟ್ಯುಟರಿಯ ಗಡ್ಡೆಯಿಂದಾಗಿ ಕಾರ್ಟಿಸೋಲ್ ಎಂಬ ಸ್ಟೀರಾಯ್ಡ್ ಹಾರ್ಮೋನು ಮೈಯಲ್ಲಿ ಹೆಚ್ಚಾಗುವ ಕುಶಿಂಗ್ ಕಾಯಿಲೆಯಲ್ಲಂತೂ ಈ ಎರಡನೆಯ ಪ್ರಶ್ನೆ ಬಹಳ ಮುಖ್ಯ. ಆಪರೇಷನ್ ಆದ ವಾರದಲ್ಲಿ ಕಾರ್ಟಿಸೋಲ್ ಇಳಿದಿರುತ್ತದೆ, ಎಲ್ಲರಿಗೂ ಸಂತೋಷ. ಐದಾರು ವರ್ಷ ಬಿಟ್ಟು, ಒಮ್ಮೊಮ್ಮೆ ಹತ್ತು ವರ್ಷ ಬಿಟ್ಟು ಕೆಲವರಲ್ಲಿ ಕಾಯಿಲೆ ಮರಳಿ ಬರುತ್ತದೆ. ಆರು ತಿಂಗಳಿಗೆ ಲೆಕ್ಕ ಮುಚ್ಚಿದವರಿಗೆ ಅದು ಕಾಣುವುದಿಲ್ಲ.

ರೋಗಿಯ ಕಡೆಯ ಫಲಿತಾಂಶ ಅಳೆಯಲಿಕ್ಕೆ ಪ್ರಶ್ನಾವಳಿಗಳಿವೆ. ಅಕ್ರೋಮೆಗಲಿಗೆ 22 ಪ್ರಶ್ನೆಗಳ ಆಕ್ರೋಕ್ವಾಲ್, ಕುಶಿಂಗ್‌ಗೆ 12 ಪ್ರಶ್ನೆಗಳ ಕುಶಿಂಗ್‌ಕ್ವಾಲ್. ಎರಡರ ಹಿಂದೆಯೂ ಬಾರ್ಸಿಲೋನಾದ ವೈದ್ಯರ ದುಡಿಮೆ ಇದೆ. ಪ್ರತಿ ಪ್ರಶ್ನೆಗೂ ಐದು ಉತ್ತರ: ಯಾವಾಗಲೂ, ಬಹಳ ಸಲ, ಆಗಾಗ, ಅಪರೂಪಕ್ಕೆ, ಎಂದೂ ಇಲ್ಲ, ಆ ಥರ. ಇಂಥ ಪ್ರಶ್ನೆಯನ್ನು ನಮ್ಮ ಕನ್ನಡದಲ್ಲಿ ಕೇಳಲು ಹೋಗಿ ನಾನು ಕಲಿತದ್ದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ನಮ್ಮಲ್ಲಿ "ಆರಾಮ ಅದೀರೇನ್ರಿ?" ಅನ್ನುವುದು ನಮಸ್ಕಾರ. "ಆರಾಮ್ರಿ" ಅನ್ನುವುದು ತಿರುಗಿ ನಮಸ್ಕಾರ. ಅದರಲ್ಲಿ ಆರೋಗ್ಯದ ಸುದ್ದಿ ಇರುವುದಿಲ್ಲ. ಆ ಅತ್ತೆ ಮೊದಲು ಹೇಳಿದ ಉತ್ತರವೂ ಅದೇ ಆಗಿತ್ತು, ನೆನಪಿರಲಿ. "ಆಗಾಗ" ಮತ್ತು "ಬಹಳ ಸಲ" ಇವೆರಡರ ನಡುವಿನ ಗೆರೆ ಕಾಗದದ ಮೇಲೆ ಇರುತ್ತದೆ, ಹಿರಿಯರ ಮಾತಿನಲ್ಲಿ ಇರುವುದಿಲ್ಲ. ಆಗ ನಾನು ಸಂತೆಯ ಮೊರೆ ಹೋದೆ. "ಹಿಂದಿನ ಸಂತಿಯಿಂದ ಈ ಸಂತಿತನಕ ಎಷ್ಟು ದಿನ ಮೊಣಕಾಲು ನೋಯ್ತು?" ಅಂದರೆ ಬೆರಳು ಮಡಚಿ ಲೆಕ್ಕ ಕೊಡುತ್ತಾರೆ. ದಣಿವಿನ ಬಗ್ಗೆ ಕೇಳಿದರೆ "ವಯಸ್ಸಾತಲ್ರಿ" ಅಂತ ತಳ್ಳಿಹಾಕುವವರು, ಒಂದು ಸಲಕ್ಕೆ ಎಷ್ಟು ರೊಟ್ಟಿ ಬಡಿಯುತ್ತೀರಿ ಅಂದರೆ ನಿಖರವಾಗಿ ಹೇಳುತ್ತಾರೆ. ಲಕ್ಷ್ಮೇಶ್ವರದ ಅಕ್ಕ ಹೇಳಿದ್ದು: "ಮೊದಲ ಒಂದ್ ಕುಂತ್ರ ಇಪ್ಪತ್ತು ಬಡಿತಿದ್ನಿ. ಈಗ ಐದಕ್ಕ ಕೈ ಸೋಲ್ತಾವ." ರಕ್ತದ ವರದಿಯಲ್ಲಿ ಇಲ್ಲದ್ದು ಆ ಒಂದು ಮಾತಿನಲ್ಲಿ ಇದೆ.

ಆದರೆ ರೊಟ್ಟಿಯ ಲೆಕ್ಕ ಇಟ್ಟುಕೊಂಡು ಧಾರವಾಡದ ರೋಗಿಯನ್ನು ಬಾರ್ಸಿಲೋನಾದ ರೋಗಿಗೆ ಹೋಲಿಸಲು ಬರುವುದಿಲ್ಲ. ಹೋಲಿಕೆ ಇಲ್ಲದೆ ಅಧ್ಯಯನ ಇಲ್ಲ. ಅದಕ್ಕೆ ಎರಡೂ ಬೇಕು ಎಂಬುದು ನನ್ನ ಅಭಿಪ್ರಾಯ. ಪ್ರಶ್ನಾವಳಿಯನ್ನು ಸರಿಯಾದ ಕನ್ನಡಕ್ಕೆ ತಂದು, ರೋಗಿಗಳ ಮೇಲೆ ಪರೀಕ್ಷಿಸಿ ಬಳಸಬೇಕು. ಪಕ್ಕದಲ್ಲಿ ಖಾಲಿ ಜಾಗ ಬಿಟ್ಟು ರೋಗಿಯ ಬಾಯಿಂದ ಬಂದ ಮಾತನ್ನು ಬಂದ ಹಾಗೇ ಬರೆಯಬೇಕು.

ಅಪರೂಪದ ಕಾಯಿಲೆಯ ಇನ್ನೊಂದು ಕಷ್ಟ ಎಣಿಕೆಯದು. ಅಕ್ರೋಮೆಗಲಿ ಹತ್ತು ಲಕ್ಷ ಜನರಲ್ಲಿ ವರ್ಷಕ್ಕೆ ಹೊಸದಾಗಿ ಮೂರೋ ನಾಲ್ಕೋ ಮಂದಿಯಲ್ಲಿ ಪತ್ತೆಯಾಗುತ್ತದೆ. ಒಬ್ಬ ವೈದ್ಯ, ಒಂದು ಆಸ್ಪತ್ರೆ ಜೀವಮಾನವಿಡೀ ನೋಡಿದರೂ ಗಟ್ಟಿಯಾಗಿ ಏನೂ ಹೇಳಲಾಗದು. ಸೇರಿ ಎಣಿಸಿದಾಗಲೇ ಸತ್ಯ ಕಾಣುತ್ತದೆ. ಸ್ವೀಡನ್ನಿನಲ್ಲಿ ಪಿಟ್ಯುಟರಿ ಕೆಲಸ ಕುಂದಿದ 333 ರೋಗಿಗಳನ್ನು 1956ರಿಂದ 1987ರವರೆಗೆ ನೋಡಿದರು. 57 ಸಾವು ನಿರೀಕ್ಷಿಸಬಹುದಾಗಿದ್ದ ಕಡೆ 104 ಮಂದಿ ತೀರಿಕೊಂಡಿದ್ದರು, ಹೆಚ್ಚಳ ಇದ್ದದ್ದು ಹೃದಯ-ರಕ್ತನಾಳದ ಕಾಯಿಲೆಗಳಲ್ಲಿ. 1990ರಲ್ಲಿ ಆ ಲೆಕ್ಕ ಬಂದಾಗ ಎಲ್ಲರೂ ಬೆಚ್ಚಿದರು, ಯಾಕೆಂದರೆ ಇವರೆಲ್ಲ ಮಾತ್ರೆ ತೆಗೆದುಕೊಳ್ಳುತ್ತ "ಆರಾಮ" ಇದ್ದವರು. 2001ರಲ್ಲಿ ಇಂಗ್ಲೆಂಡಿನ ವೆಸ್ಟ್ ಮಿಡ್‌ಲ್ಯಾಂಡ್ಸ್ ಕಡೆಯ 1,014 ರೋಗಿಗಳ ಲೆಕ್ಕ ಬಂತು. ಸಾವಿನ ಪ್ರಮಾಣ ಸಾಮಾನ್ಯರಿಗಿಂತ 1.87 ಪಟ್ಟು. ಗಂಡಸರಲ್ಲಿ 1.57, ಹೆಂಗಸರಲ್ಲಿ 2.29. ಹೆಂಗಸರ ಅಂಕಿಯ ಮುಂದೆ ನಾನು ಪ್ರತಿ ಸಲವೂ ನಿಲ್ಲುತ್ತೇನೆ.

ಬೆಳವಣಿಗೆಯ ಹಾರ್ಮೋನಿನ ಚಿಕಿತ್ಸೆ ಪಡೆಯುವವರ ಒಂದು ಅಂತಾರಾಷ್ಟ್ರೀಯ ದಾಖಲೆ 1994ರಲ್ಲಿ ಶುರುವಾಗಿ 2012ರವರೆಗೆ ನಡೆಯಿತು, 15 ಸಾವಿರಕ್ಕೂ ಹೆಚ್ಚು ರೋಗಿಗಳು. ಅದರ ಹೆಸರು ಕಿಮ್ಸ್. ನಮ್ಮ ಹುಬ್ಬಳ್ಳಿಯವರಿಗೆ ಆ ಹೆಸರು ಕೇಳಿದ ತಕ್ಷಣ ಹಿಂದೆ ಅದೇ ಹೆಸರಿದ್ದ ವಿದ್ಯಾನಗರದ ಸರ್ಕಾರಿ ಆಸ್ಪತ್ರೆ ಕಣ್ಣಮುಂದೆ ಬರುತ್ತದೆ, ನನಗೂ ಬಂದಿತ್ತು. ಎರಡಕ್ಕೂ ಸಂಬಂಧವಿಲ್ಲ. ಆದರೂ ಆ ಹೆಸರು ಓದಿದಾಗಿನಿಂದ, ಇಲ್ಲಿನ ಏಳೆಂಟು ಜಿಲ್ಲೆಗಳ ರೋಗಿಗಳ ಅಂಥದೊಂದು ದಾಖಲೆ ನಮ್ಮಲ್ಲೂ ಇರಬೇಕು ಎಂಬ ಆಸೆ ನನ್ನ ತಲೆಯಿಂದ ಹೋಗಿಲ್ಲ.

ರೋಗಿಗಳನ್ನು ಕೇಳಿದರೆ ಕಾಯಿಲೆಯ ಹೆಸರೇ ಬದಲಾಗಬಹುದು. ಪಿಟ್ಯುಟರಿಯ ಹಿಂಭಾಗ ಕೆಟ್ಟರೆ ಮೈಯಲ್ಲಿ ನೀರು ನಿಲ್ಲುವುದಿಲ್ಲ, ದಿನಕ್ಕೆ ಹತ್ತು ಲೀಟರ್ ಮೂತ್ರ ಕೂಡ ಹೋಗಬಹುದು, ಬಾಯಾರಿಕೆ ತಡೆಯಲಾಗದು. ಅದಕ್ಕೆ ಡಯಾಬಿಟಿಸ್ ಇನ್ಸಿಪಿಡಸ್ ಅನ್ನುತ್ತಿದ್ದೆವು. ಸಕ್ಕರೆ ಕಾಯಿಲೆಗೂ ಇದಕ್ಕೂ ಸಂಬಂಧವಿಲ್ಲ, ಹೆಸರಿನ ಅರ್ಧ ಮಾತ್ರ ಒಂದೇ. 1,034 ರೋಗಿಗಳನ್ನು ಕೇಳಿದ ಒಂದು ಸಮೀಕ್ಷೆಯಲ್ಲಿ ನೂರಕ್ಕೆ 80 ಮಂದಿ, ಆಸ್ಪತ್ರೆಯವರೇ ತಮ್ಮನ್ನು ಸಕ್ಕರೆ ಕಾಯಿಲೆಯವರೆಂದು ತಿಳಿದ ಅನುಭವ ಹೇಳಿದರು. ನೂರಕ್ಕೆ 85 ಮಂದಿ ಹೆಸರು ಬದಲಿಸಿ ಅಂದರು. 2022ರಲ್ಲಿ ಬದಲಿಸಿದರು, ಈಗ ಅದು ಆರ್ಜಿನಿನ್ ವ್ಯಾಸೊಪ್ರೆಸಿನ್ ಕೊರತೆ, ಅಂದರೆ ನೀರು ಹಿಡಿದಿಡುವ ಆ ಹಾರ್ಮೋನಿನ ಕೊರತೆ. ಇಂಥ ರೋಗಿ ವಾರ್ಡಿನಲ್ಲಿ ನೀರು ನೀರು ಅನ್ನುತ್ತಿದ್ದರೆ "ಶುಗರ್ ನೋಡ್ರಿ" ಅಂತ ಹೇಳಿ ಹೋಗುವುದು, ಆ ಹಾರ್ಮೋನಿನ ಬದಲಿಗೆ ಕೊಡಬೇಕಾದ ಡೆಸ್ಮೋಪ್ರೆಸಿನ್ ಮದ್ದು ತಪ್ಪಿಸುವುದು ಜೀವಕ್ಕೆ ಅಪಾಯ. ನರ್ಸಿಂಗ್ ವಿದ್ಯಾರ್ಥಿಗಳು ದಯವಿಟ್ಟು ಇದನ್ನು ಬರೆದುಕೊಳ್ಳಿ.

ಈಗ ಬರದೇ ಹೋದವರ ಮಾತು. ಫಲಿತಾಂಶದ ಅಧ್ಯಯನವನ್ನು ಅತಿ ಹೆಚ್ಚು ಕೆಡಿಸುವುದು ಇದು. ಫಾಲೋಅಪ್‌ಗೆ ಬಂದವರನ್ನಷ್ಟೇ ಎಣಿಸಿದರೆ, ಬಸ್ ಚಾರ್ಜಿಗೆ ದುಡ್ಡಿದ್ದವರ, ಜೊತೆಗೆ ಬರಲು ಮಗನಿದ್ದವರ, ಬದುಕಿ ಉಳಿದವರ ಲೆಕ್ಕ ಮಾತ್ರ ಸಿಗುತ್ತದೆ. ಬರದವರಲ್ಲಿ ಪೂರ್ತಿ ಗುಣವಾಗಿ ಮರೆತವರೂ ಇರುತ್ತಾರೆ, ತೀರಿಕೊಂಡವರೂ ಇರುತ್ತಾರೆ. ಒಮ್ಮೆ ನಾನು ಹೀಗೆ ಬಿಟ್ಟುಹೋದವರಿಗೆ ಒಬ್ಬೊಬ್ಬರಿಗಾಗಿ ಫೋನ್ ಮಾಡಿಸಿದೆ. ನವಲಗುಂದದ ಕಡೆಯ ಒಂದು ಮನೆಯಲ್ಲಿ ಫೋನ್ ಎತ್ತಿದ ಹುಡುಗ, "ನಮ್ಮಪ್ಪ ತೀರಿಕೊಂಡು ವರ್ಷ ಆತ್ರಿ. ಜ್ವರ ಬಂದಿತ್ತು, ಎರಡ ದಿನದಾಗ ಹೋದ್ರು" ಅಂದ. ಪಿಟ್ಯುಟರಿ ಕೆಟ್ಟವರು ದಿನಾ ನುಂಗುವ ಸ್ಟೀರಾಯ್ಡ್ ಗುಳಿಗೆಯನ್ನು ಜ್ವರ ಬಂದಾಗ ಎರಡು ಪಟ್ಟು ಮಾಡಬೇಕು, ವಾಂತಿಯಾದರೆ ಇಂಜೆಕ್ಷನ್ ಬೇಕು ಎಂಬುದು ಅವನ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ನಾನು ಹೇಳಿದ್ದೆ, ಒಂದೇ ಸಲ, ಡಿಸ್ಚಾರ್ಜ್ ದಿನದ ಗಡಿಬಿಡಿಯಲ್ಲಿ. ಅದು ನನ್ನ ತಪ್ಪು. ಅವತ್ತಿನಿಂದ ಜೇಬಿನಲ್ಲಿಡುವ ಚೀಟಿಯನ್ನು ಕನ್ನಡದಲ್ಲಿ ದೊಡ್ಡ ಅಕ್ಷರದಲ್ಲಿ ಬರೆದು, ಮನೆಯವರಲ್ಲೊಬ್ಬರಿಂದ ಓದಿಸಿಯೇ ಕಳಿಸುತ್ತೇನೆ.

ನಮ್ಮ ಕಡೆಗೇ ಸೇರಿದ ಎರಡು ವಿಷಯ ಉಳಿದಿವೆ. ಮೊದಲನೆಯದು ಶೀಹನ್. ಮುಂದುವರಿದ ದೇಶಗಳಲ್ಲಿ ಇದು ಅಪರೂಪ. ಆದರೆ ಕಾಶ್ಮೀರ ಕಣಿವೆಯಲ್ಲಿ ಹಳ್ಳಿ ಹಳ್ಳಿ ಸುತ್ತಿ ಮಾಡಿದ, 2005ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 20 ವರ್ಷ ಮೇಲ್ಪಟ್ಟ ಹೆತ್ತ ಹೆಂಗಸರಲ್ಲಿ ನೂರಕ್ಕೆ ಸುಮಾರು ಮೂವರಿಗೆ ಇತ್ತು, ಅವರಲ್ಲಿ ಮೂರನೇ ಎರಡರಷ್ಟು ಮಂದಿ ಮನೆಯಲ್ಲೇ ಹೆತ್ತವರು. ಹುಡುಕಿಕೊಂಡು ಮನೆಗೆ ಹೋದರು, ಸಿಕ್ಕಿತು. ಆಸ್ಪತ್ರೆಯಲ್ಲಿ ಕೂತಿದ್ದರೆ ಸಿಗುತ್ತಿರಲಿಲ್ಲ. ಆಶಾ ಕಾರ್ಯಕರ್ತೆಯರೇ, ನೀವು ಪ್ರತಿ ಬಾಣಂತಿಯ ಮನೆಗೆ ಹೋಗುವವರು. ಹೆರಿಗೆಯಲ್ಲಿ ಬಹಳ ರಕ್ತ ಹೋದವಳಿಗೆ ಎದೆಹಾಲು ಬರಲೇ ಇಲ್ಲ ಅಂದರೆ, ಮುಂದೆ ಕೂಸು ಹಾಲು ಬಿಟ್ಟ ಮೇಲೂ ಮುಟ್ಟು ಮರಳದಿದ್ದರೆ, "ದೃಷ್ಟಿ ತಾಗೈತಿ" ಅನ್ನುವ ಮಾತಿಗೆ ಬಿಡಬೇಡಿ. "ರಕ್ತ ಕಡಿಮಿ ಐತಿ" ಅಂತ ಟಾನಿಕ್ ಬಾಟಲಿಗಳಲ್ಲೇ ವರ್ಷ ಕಳೆದವರನ್ನು ನಾನು ನೋಡಿದ್ದೇನೆ.

ಎರಡನೆಯದು ಹಾವು. ಕೊಳಕುಮಂಡಲ. ಶೇಂಗಾ ಕೀಳುವಾಗ, ಗೋವಿನಜೋಳದ ಹೊಲಕ್ಕೆ ರಾತ್ರಿ ನೀರು ಹಾಯಿಸುವಾಗ ಕಡಿಯುವ ಹಾವು ಇದು. ಇದರ ವಿಷ ರಕ್ತ ಹೆಪ್ಪುಗಟ್ಟುವ ವ್ಯವಸ್ಥೆಯನ್ನೇ ಕೆಡಿಸುತ್ತದೆ. ಕಿಡ್ನಿಗೆ ಏನಾಗುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಕೆಲವರಲ್ಲಿ ಪಿಟ್ಯುಟರಿಯೂ ಸಾಯುತ್ತದೆ. ಬರ್ಮಾದ ರೋಗಿಗಳಲ್ಲಿ ಇದನ್ನು ನೋಡಿ 1987ರಲ್ಲಿ ಪ್ರಕಟಿಸಿದಾಗ, ಶೀಹನ್ ಸಿಂಡ್ರೋಮಿನಂಥದೇ ಸ್ಥಿತಿ ಅಂತ ಕರೆದರು. ಹಾವು ಕಡಿದ ರೈತ ವಿಷದ ಮದ್ದು ತೆಗೆದುಕೊಂಡು, ಡಯಾಲಿಸಿಸ್ ಮಾಡಿಸಿಕೊಂಡು ಬದುಕಿ ಮನೆಗೆ ಹೋಗುತ್ತಾನೆ. ಊರವರು ದೇವರಿಗೆ ಕಾಯಿ ಒಡೆಸುತ್ತಾರೆ. ಆಮೇಲೆ ತಿಂಗಳುಗಟ್ಟಲೆ, ವರ್ಷಗಟ್ಟಲೆ ಅವನಿಗೆ ಶಕ್ತಿ ಇರುವುದಿಲ್ಲ, ಗಡ್ಡ ಮೀಸೆ ತೆಳುವಾಗುತ್ತವೆ, ಗಂಡ-ಹೆಂಡತಿ ನಡುವೆ ದೂರ ಬೀಳುತ್ತದೆ. "ಹಾವಿನ ನಂಜು ಇನ್ನೂ ಮೈಯಾಗ ಐತಿ" ಅನ್ನುತ್ತಾರೆ. ನನಗೆ ಆ ಮಾತಿನ ಮೇಲೆ ಗೌರವ ಇದೆ, ಯಾಕೆಂದರೆ ಅದು ನೋಡಿ ಹೇಳಿದ ಮಾತು. ಒಂದು ಬೆಳಗಿನ ಕಾರ್ಟಿಸೋಲ್, ಥೈರಾಯ್ಡ್, ಟೆಸ್ಟೊಸ್ಟಿರಾನ್ ಪರೀಕ್ಷೆ ಮಾಡಿಸಿದರೆ ಆ ನಂಜಿನ ವಿಳಾಸ ಸಿಗಬಹುದು. ಗುಳಿಗೆ ಶುರು ಮಾಡುವಾಗ ಸ್ಟೀರಾಯ್ಡ್ ಮೊದಲು, ಥೈರಾಯ್ಡ್ ಆಮೇಲೆ. ತಿರುವುಮುರುವಾದರೆ ರೋಗಿ ಕುಸಿಯುತ್ತಾನೆ.

ಇಲ್ಲಿ ಕೂತ ಪಿ.ಜಿ. ವಿದ್ಯಾರ್ಥಿಗಳಲ್ಲಿ ಯಾರಿಗಾದರೂ ಪ್ರಬಂಧಕ್ಕೆ ವಿಷಯ ಬೇಕಿದ್ದರೆ ಇದನ್ನು ತೆಗೆದುಕೊಳ್ಳಿ. ಹಾವು ಕಡಿದು ಬದುಕಿದವರ ಪಟ್ಟಿ ನಿಮ್ಮ ನಿಮ್ಮ ಆಸ್ಪತ್ರೆಯ ದಾಖಲೆ ಕೋಣೆಯಲ್ಲಿದೆ. ಹೆಸರಿದೆ, ಊರಿದೆ, ಬಹಳಷ್ಟು ಸಲ ಫೋನ್ ನಂಬರೂ ಇದೆ. ಒಪ್ಪಿಗೆ ಪಡೆಯಿರಿ, ನೈತಿಕ ಸಮಿತಿಯ ಅನುಮತಿ ಪಡೆಯಿರಿ, ಎಲ್ಲರನ್ನೂ ಹುಡುಕಿ. ಸಿಗದವರು ಎಷ್ಟು ಮಂದಿ ಅನ್ನುವುದನ್ನೂ ಬರೆಯಿರಿ.

ರೋಣದ ಕಡೆಯ ಆ ಹೆಣ್ಣುಮಗಳು ಮೂರನೇ ದಿನ ಎದ್ದು ಕೂತಳು. ಈಗ ದಿನಾ ಹೈಡ್ರೋಕಾರ್ಟಿಸೋನ್ ಮತ್ತು ಥೈರಾಯ್ಡ್ ಗುಳಿಗೆ ತೆಗೆದುಕೊಳ್ಳುತ್ತಾಳೆ. ಅತ್ತೆಯೇ ನೆನಪಿಸಿ ಕೊಡುತ್ತಾಳೆ. ಹೋದ ತಿಂಗಳು ಸೊಸೆಯೇ ಫೋನ್ ಮಾಡಿದ್ದಳು. "ಸಾಹೇಬ್ರ, ನಾದಿನಿ ಮದುವಿ ಐತ್ರಿ. ಮೂರ ದಿನ ಕೆಲಸ ಬಾಳ ಇರ್ತೈತಿ. ಜ್ವರ ಬಂದ್ರ ಗುಳಿಗಿ ಡಬಲ್ ಮಾಡು ಅಂದಿದ್ರಿ. ಮದುವಿಗೂ ಮಾಡ್ಬೇಕೇನ್ರಿ?" ಜ್ವರ, ಪೆಟ್ಟು, ಆಪರೇಷನ್ ಇದ್ದರೆ ಮಾತ್ರ ಹೆಚ್ಚಿಸಬೇಕು, ವಾಂತಿಯಾದರೆ ಇಂಜೆಕ್ಷನ್, ಮದುವೆಗೆ ಬೇಡ, ಹೊತ್ತಿಗೆ ಸರಿಯಾಗಿ ಉಂಡು ಹೊತ್ತಿಗೆ ಸರಿಯಾಗಿ ಗುಳಿಗೆ ನುಂಗು ತಂಗಿ ಅಂದೆ. "ಕೌದಿ?" ಅಂತ ಕೇಳಿದೆ. "ಮಡಚಿ ಟ್ರಂಕಿನ್ಯಾಗ ಇಟ್ಟೇನ್ರಿ" ಅಂದಳು. ದಾಖಲೆ ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ, ತಾರೀಖು ಹಾಕಿ, ಆ ಮಾತನ್ನು ಬರೆದುಕೊಂಡೆ.